ಆಕಳ ಹೆಸರಿನ ಸೂಜಿ

ತೆಲಂಗಾಣದ ಕಂಗ್ಟಿ ಕಡೆ ಅರವತ್ತು ದಾಟಿದವರ ರಟ್ಟೆ ನೋಡಿ. ಗುಂಡನೆಯ ಕಲೆ, ಅದರೊಳಗೆ ಸಣ್ಣ ಸಣ್ಣ ತಗ್ಗು. ‘ಇದೇನಜ್ಜಾ?’ ಅಂದರೆ ‘ದೇವಿ ಹಾಕಿದ್ದಪ್ಪಾ’ ಅನ್ನುತ್ತಾರೆ. ಉರ್ದು, ತೆಲುಗು ಮಾತಾಡುವ ನೆರೆಯವರಿಗೆ ಅದು ಟೀಕಾ. ಮೈಸೂರು ಕಡೆಯವರಿಗೆ ದಾಕು. ಶಾಲೆಯ ಪುಸ್ತಕದಲ್ಲಿ ಲಸಿಕೆ. ಒಂದು ಚುಚ್ಚಿಗೆ ಎಷ್ಟು ಹೆಸರು!

ಇಂಗ್ಲಿಷಿನ ವ್ಯಾಕ್ಸಿನ್ ಮಾತ್ರ ದನದ ಕೊಟ್ಟಿಗೆಯಿಂದ ಬಂದದ್ದು. ಲ್ಯಾಟಿನ್ನಿನ ವಾಕ್ಕಾ ಅಂದರೆ ಆಕಳು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಸಿಡುಬು ತಡೆಯಲೆಂದು, ಹಾಲು ಹಿಂಡುವ ಸಾರಾ ನೆಲ್ಮ್ಸ್‌ಳ ಕೈಮೇಲಿನ ಗುಳ್ಳೆಯ ರಸ ತೆಗೆದು, ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳು ಗೀರಿ ಹಚ್ಚಿದ. ಆಕೆಗೆ ಗುಳ್ಳೆ ಅಂಟಿದ್ದು ಬ್ಲಾಸಮ್ ಎಂಬ ಆಕಳಿನಿಂದ. ಆಕಳಿಗೂ ಹೆಸರಿಟ್ಟು ನೆನಪಿಟ್ಟ ಚರಿತ್ರೆ ಇದು. ನನಗೆ ಬಲು ಇಷ್ಟ. 1798ರ ಪುಸ್ತಕದಲ್ಲಿ ಜೆನ್ನರ್ ಆಕಳಿನ ಆ ಗುಳ್ಳೆ ರೋಗವನ್ನು ಲ್ಯಾಟಿನ್ನಿನಲ್ಲಿ ‘ಆಕಳ ಸಿಡುಬು’ ಎಂದೇ ಕರೆದ. 1881ರಲ್ಲಿ ಲೂಯಿ ಪಾಶ್ಚರ್, ಜೆನ್ನರನ ಗೌರವಕ್ಕೆಂದು, ಇಂಥ ಎಲ್ಲ ಮದ್ದಿಗೂ ಅದೇ ಹೆಸರು ಇರಲಿ ಅಂದ. ಹಾಗಾಗಿ ಆಕಳ ಸಂಬಂಧವೇ ಇಲ್ಲದ ಪೋಲಿಯೊ ಹನಿಯಲ್ಲೂ ಆಕಳ ಹೆಸರು ಉಳಿದಿದೆ.

ಜೆನ್ನರನ ಆ ಗುಳ್ಳೆಯ ರಸವನ್ನು ಭಾರತಕ್ಕೆ ತರುವಾಗ ದೂರದ ಹಾದಿಯ ಬಿಸಿಲಿಗೆ ಅದು ಕೆಟ್ಟು ಹೋಗುತ್ತಿತ್ತು. ಬಾಗ್ದಾದ್, ಬಸ್ರಾ ದಾರಿಯಲ್ಲಿ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಮುಂಬಯಿಗೆ ತಂದರು. 1802ರ ಜೂನ್ 14ರಂದು ಮೂರು ವರ್ಷದ ಆನಾ ಡಸ್ಟ್‌ಹಾಲ್‌ಗೆ ಹಾಕಿದರು. ಈ ನಾಡಿನ ಮೊದಲ ಚುಚ್ಚು ಆ ಕೂಸಿನದು. 1805ರ ಹೊತ್ತಿಗೆ ಥಾಮಸ್ ಹಿಕಿ ಬರೆದ ಮೈಸೂರಿನ ರಾಜಮನೆತನದ ಹೆಣ್ಣುಮಕ್ಕಳ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ದಾಕು ಹಾಕಿಸಿಕೊಂಡ ಜಾಗವದು ಎನ್ನುತ್ತಾರೆ ಇತಿಹಾಸಕಾರ ನೈಜಲ್ ಚಾನ್ಸೆಲರ್. ಅರಮನೆಯವರೇ ತೋಳು ಕೊಟ್ಟ ಮೇಲೆ ಊರಿನವರಿಗೆ ಅಂಜಿಕೆ ಯಾಕೆ?

ಇನ್ನು ನಮ್ಮ ಹೆಸರುಗಳು. ಆಯುರ್ವೇದದಲ್ಲಿ ಲಸಿಕಾ ಅಂದರೆ ಮೈಯೊಳಗಿನ ತಿಳಿನೀರು. ಕನ್ನಡ ಹಿಡಿದದ್ದು ರಸವನ್ನು. ಟೀಕಾ ಹಣೆಯ ತಿಲಕದ ಬಳಗ; ಅದು ಹಿಡಿದದ್ದು ಗುರುತನ್ನು. ದೇವಿ ಅಂದವರು ಸಿಡುಬು ಬೇನೆಯ ಹೆಸರನ್ನೇ ಮದ್ದಿಗೂ ಕೊಟ್ಟರು. ಸಿಡುಬು ಜಗತ್ತಿನಿಂದಲೇ ಹೋಯಿತೆಂದು 1980ರಲ್ಲಿ ಸಾರಿದರು. ಅಜ್ಜಂದಿರ ಬಾಯಲ್ಲಿ ದೇವಿ ಇನ್ನೂ ಇದ್ದಾಳೆ.

ಈ ಭಾಗದ ಆಶಾ ಅಕ್ಕಂದಿರಲ್ಲಿ ಒಂದು ಕೋರಿಕೆ. ಮನೆ ಬಾಗಿಲಿಗೆ ಹೋದಾಗ ‘ವ್ಯಾಕ್ಸಿನೇಷನ್’ ಅನ್ನಬೇಡಿ. ‘ಕೂಸಿಗೆ ಟೀಕಾ ಹಾಕಸಬೇಕ್ರೀ ಅಮ್ಮಾ’ ಅನ್ನಿ. ಅಜ್ಜಿಗೂ ತಿಳಿಯುತ್ತದೆ, ಕೂಸು ದವಾಖಾನೆಗೆ ಬರುತ್ತದೆ.