ಜಗಲಿ ಹೋದ ಮೇಲೆ

ಇಂದಿರಾ ಗಾಂಧಿ 1978ರಲ್ಲಿ ವೀರೇಂದ್ರ ಪಾಟೀಲರ ಎದುರು ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ ನಮ್ಮ ಜಗಲಿಯಲ್ಲಿ ಊಟದ ಹೊತ್ತು ಮೀರಿದರೂ ವಾದ ಮುಗಿಯುತ್ತಿರಲಿಲ್ಲ. ಎಲೆಯಡಿಕೆ ತಟ್ಟೆ ನಮ್ಮದು, ಮಾತು ಊರಿನದು. ಕೂತವರಲ್ಲಿ ಅರ್ಧ ಜನ ದಾರಿಯಲ್ಲಿ ಹೋಗುತ್ತಿದ್ದವರು. ಅಷ್ಟು ಗಂಟಲು ಹರಿದುಕೊಳ್ಳುತ್ತಿದ್ದ ಅಜ್ಜ, ಅತ್ತೆಯ ಮದುವೆ ಮಾತು ಬಂದರೆ ಎದ್ದು ನಡುಮನೆಗೆ ನಡೆಯುತ್ತಿದ್ದರು. ಯಾವುದು ಹೊಸ್ತಿಲ ಆಚೆಗೆ, ಯಾವುದು ಈಚೆಗೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಮನೆ ಆಳುವುದು ಬೇರೆ, ಸಮಾನರ ನಡುವೆ ನಗರ ನಡೆಸುವುದು ಬೇರೆ ಎಂದು ಅರಿಸ್ಟಾಟಲ್ ಗೆರೆ ಎಳೆದ. ಹನ್ನಾ ಅರೆಂಟ್ 1958ರ ‘ದಿ ಹ್ಯೂಮನ್ ಕಂಡಿಷನ್’ ಪುಸ್ತಕದಲ್ಲಿ ಆ ಗೆರೆಯ ಬಗ್ಗೆ ಒಂದು ಸೊಗಸಾದ ವಿಷಯ ಹೇಳುತ್ತಾರೆ: ಪ್ರಾಚೀನರಿಗೆ ಅದು ನಿಜವಾಗಿಯೂ ಒಂದಿಷ್ಟು ಜಾಗವಾಗಿತ್ತು, ಮನೆಗೂ ಸೇರದ, ಊರಿಗೂ ಸೇರದ ನೆಲ. ಓದುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಕೆಂಪು ಗಾರೆಯ ನಮ್ಮ ಜಗಲಿ.

ಎಲ್ಲರಿಗೂ ಅಲ್ಲಿ ಜಾಗವಿತ್ತೆಂದರೆ ಸುಳ್ಳಾಗುತ್ತದೆ. ದಲಿತರು ಬೀದಿಯಲ್ಲೇ ನಿಂತು ಮಾತಾಡಬೇಕಿತ್ತು. ಅಜ್ಜಿ ಇಂದಿರಾ ಗಾಂಧಿಯ ಬಗ್ಗೆ ಏನಂದುಕೊಂಡಿದ್ದರೋ, ಬಾಗಿಲ ಹಿಂದೆಯೇ ಉಳಿಯಿತು. ಯಾವುದೋ ಮನೆಯಲ್ಲಿ ಹೆಂಡತಿಗೆ ಬೀಳುತ್ತಿದ್ದ ಏಟಿನ ಸದ್ದು ಬೀದಿಗೆ ಕೇಳಿದರೂ ‘ಅವರ ಮನೆ ವಿಷಯ’ ಎಂದು ಜಗಲಿ ಸುಮ್ಮನಾಗುತ್ತಿತ್ತು. ಆ ಮೌನ ಮುರಿಯಲು ಸ್ತ್ರೀವಾದಿಗಳು ದಶಕಗಟ್ಟಲೆ ಹೋರಾಡಬೇಕಾಯಿತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 2005ರಲ್ಲಿ. ಆ ಗೋಡೆ ಒಡೆದದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಬೇಸರ ಜಗಲಿಯದು. ಕೆಲವು ರಸ್ತೆ ಅಗಲೀಕರಣಕ್ಕೆ ಹೋದವು, ಮಿಕ್ಕವಕ್ಕೆ ಗ್ರಿಲ್ ಬಂತು. ಜಗಲಿ ಹೋದ ಮೇಲೆ ಒಳಗು ಹೊರಗಿನ ಗೆರೆ ಕಾಯುವವರು ಯಾರು? ಸರ್ಕಾರ ಮನೆಯೊಳಗೆ ಇಣುಕದಂತೆ ಕೋರ್ಟು ತಡೆಯಬಲ್ಲದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಹಾಕಿದ ಅರ್ಜಿಯಿಂದಾಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. ದೊಡ್ಡ ತೀರ್ಪು. ಆದರೆ ನಾವಾಗಿಯೇ ಬಾಗಿಲು ತೆರೆದಿಟ್ಟರೆ ಕೋರ್ಟು ಏನು ಮಾಡೀತು?

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದೇ ಕಟ್ಟುನಿಟ್ಟಿನ ನಿಯಮ: ರಾಜಕೀಯ ಬೇಡ. ಸೀಮಂತ, ಆಪರೇಷನ್, ಮಗನ ಮಾರ್ಕ್ಸ್ ಕಾರ್ಡು ಎಲ್ಲ ಬರಬಹುದು. ಮೇಲಿನ ಮನೆಯವರ ಮಗಳ ನಿಶ್ಚಿತಾರ್ಥದ ಫೋಟೊ ಅಷ್ಟನ್ನೂ ನೋಡಿದ್ದೇನೆ. ನಮ್ಮ ವಾರ್ಡಿನ ಕೆರೆಯ ಬಗ್ಗೆ ಅವರು ಏನನ್ನುತ್ತಾರೆ, ಗೊತ್ತಿಲ್ಲ. ಲಿಫ್ಟಿನಲ್ಲಿ ಕೇಳೋಣವೆಂದರೆ ಮೂರನೇ ಮಹಡಿ ಬಂದುಬಿಡುತ್ತದೆ.