ಬಾಗುವ ಕೋಲು, ಬಿಡುವ ರೀಲು

ಸೊರಬದ ಮಾವನ ಮನೆಯ ಅಟ್ಟದಲ್ಲಿ ಯಾವಾಗಲೂ ಐದಾರು ಕಿರುಬಿದಿರಿನ ಕೋಲುಗಳಿರುತ್ತಿದ್ದವು. ಅಮಾವಾಸ್ಯೆಯ ಹಿಂದುಮುಂದು ಕಡಿದರೆ ಕುಟ್ಟೆ ಹಿಡಿಯುವುದಿಲ್ಲವೆಂದು ಆ ದಿನ ನೋಡಿಯೇ ಕಡಿದು ತಂದು, ಒಲೆಯ ಹೊಗೆ ತಾಗುವಲ್ಲಿ ಅಡ್ಡ ಮಲಗಿಸುತ್ತಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಕೆಳಗಿಳಿಸಿ, ತುದಿಯನ್ನು ನೆಲಕ್ಕೊತ್ತಿ, ನಿಧಾನಕ್ಕೆ ಬಾಗಿಸಿ ಬಿಡುತ್ತಿದ್ದರು. ಬಿಟ್ಟ ಕೂಡಲೇ ನೆಟ್ಟಗಾದದ್ದು ಗಾಳಕ್ಕೆ, ಸೊಟ್ಟಗೇ ಉಳಿದದ್ದು ಅವರೆ ಚಪ್ಪರಕ್ಕೆ. ನಾನು ದಪ್ಪನೆಯ ಕೋಲಿಗೆ ಕೈ ಹಾಕಿದರೆ, “ಅದು ಬೇಡ ತಮ್ಮಾ. ಬಾಗದ ಕೋಲು ದಾರ ಹರೀತದೆ” ಎನ್ನುತ್ತಿದ್ದರು.

ಆ ಮಾತು ನನಗೆ ಪೂರ್ತಿ ಅರ್ಥವಾದದ್ದು ಬಹಳ ವರ್ಷ ಕಳೆದು, ಹೊನ್ನಾವರದಿಂದಾಚೆ, ಹದಿನೈದು ಮಾರು ನೀರಿನ ಮೇಲೆ.

ನಮ್ಮೂರಿನ ಹೆಸರಿನಲ್ಲೇ ಶಿಕಾರಿಯಿದೆ. ಮಹಾದಾನಪುರವೆಂದಿದ್ದ ಊರು ಹೈದರ್, ಟಿಪ್ಪು ಕಾಲದಲ್ಲಿ ಬೇಟೆಯ ಸಮೃದ್ಧಿಯಿಂದ ಶಿಕಾರಿಪುರವಾಯಿತೆಂದು ಹೇಳುತ್ತಾರೆ. ಕಾಡಿನ ಬೇಟೆಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ನೀರಿನ ಬೇಟೆ ಉಳಿದಿದೆ. ಕುಮುದ್ವತಿ, ಅಂಜನಾಪುರ ಜಲಾಶಯ, ಸೊರಬದ ದಂಡಾವತಿ, ವರದೆ, ಹೆಜ್ಜೆಗೊಂದು ಕೆರೆ. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದಾಗ ಸೊರಬದ ಕಡೆ ಕೆರೆಬೇಟೆ. ಊರೂರಿನ ಜನ ಕೂಣಿಯೆಂಬ ತಳವಿಲ್ಲದ ಬಿದಿರಿನ ಬುಟ್ಟಿ ಹಿಡಿದು ಒಮ್ಮೆಲೇ ಕೆರೆಗಿಳಿಯುತ್ತಾರೆ. ಕೂಣಿಯನ್ನು ಕೆಸರಿಗೆ ಒತ್ತಿದಾಗ ಒಳಗೆ ಮೀನು ಬಡಿದರೆ ಬಿದಿರಿನ ಕಡ್ಡಿಗಳು ಅಂಗೈಗೆ ಸುದ್ದಿ ಮುಟ್ಟಿಸುತ್ತವೆ. ಆಗ ಮೇಲಿನ ಬಾಯಿಂದ ಕೈ ಇಳಿಸಬೇಕು. ಅಲ್ಲಿ ಗಾಳದ ಕೋಲಿಗೆ ಕೆಲಸವಿಲ್ಲ. ಹೊಳೆಯ ಮಡುವಿನಲ್ಲಿ ಕೂಣಿಗೆ ಕೆಲಸವಿಲ್ಲ. ಯಾವುದು ಬೇಕೆಂದು ನೀರೇ ಹೇಳುತ್ತದೆ.

ಇದು ಹಳೆಯ ತಿಳಿವಳಿಕೆ. ನಮ್ಮ ತಾಲ್ಲೂಕಿನ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾಸಿರವೆಂಬ ಪ್ರಾಂತ್ಯದ ರಾಜಧಾನಿಯಾಗಿ ಮೆರೆದದ್ದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ. ಆ ವಂಶದ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ. ಕಡಲ ಮೀನು ಯಾವುದು, ಹೊಳೆ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವ ಮೀನಿಗೆ ಯಾವ ತಿನಿಸು, ಗಾಳದ ದಾರ ಎಂಥದಿರಬೇಕು ಎಂದು ಒಬ್ಬ ಚಕ್ರವರ್ತಿ ಕೂತು ವಿಚಾರ ಮಾಡಿದ್ದಾನೆ. 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಆ ಭಾಗದ ಮೇಲೆ ವಿದ್ವತ್‌ ಲೇಖನವನ್ನೇ ಬರೆದರು. ಗಾಳ ಹಿಡಿದು ಕೂತವನನ್ನು ಕೆಲಸವಿಲ್ಲದವನೆಂದು ಯಾರಾದರೂ ಅಂದಾಗ ನನಗೆ ಸೋಮೇಶ್ವರ ನೆನಪಾಗುತ್ತಾನೆ.

ಕುಮುದ್ವತಿಯೂ ವರದೆಯೂ ತುಂಗಭದ್ರೆಯನ್ನು ಸೇರಿ ಕೊನೆಗೆ ಪೂರ್ವದ ಕಡಲಿಗೆ ಹೋಗುತ್ತವೆ. ನಮ್ಮ ಕೋಲುಗಳು ಮಾತ್ರ ಸಾಗರ, ಜೋಗ ದಾಟಿ, ಗೇರುಸೊಪ್ಪೆಯ ಘಾಟಿಯಿಳಿದು ಪಶ್ಚಿಮದ ಕಡಲಿಗೆ. ಅಲ್ಲಿ ಜಿಗ್ಗಿಂಗ್ ಎಂಬ ಪದ್ಧತಿ. ಮೀನಿನಾಕಾರದ ಲೋಹದ ತುಂಡೇ ಜಿಗ್. ಅದನ್ನು ತಳ ಮುಟ್ಟುವವರೆಗೆ ಬಿಟ್ಟು, ಕೋಲನ್ನು ಎತ್ತಿ ಇಳಿಸುತ್ತ, ರೀಲು ಸುತ್ತುತ್ತ ಮೇಲೆ ತರಬೇಕು. ಗಾಯಗೊಂಡ ಮರಿಮೀನಿನಂತೆ ಅದು ಹೊರಳುತ್ತ ಏರುತ್ತದೆ. ಎರೆಹುಳವಿಲ್ಲ, ಬೆಂಡಿಲ್ಲ, ಸುಮ್ಮನೆ ಕಾಯುವುದೂ ಇಲ್ಲ.

ಮೊದಲ ಸಲ ನಾನು ಒಯ್ದದ್ದು ಕೆರೆಯಲ್ಲಿ ಕೊರವ ಮೀನು ಹಿಡಿಯುವ ಕೋಲು, 2500 ಅಳತೆಯ ರೀಲು. 80 ಗ್ರಾಂ ಜಿಗ್ ಕಟ್ಟಿದ್ದೇ ಕೋಲಿನ ತುದಿ ತಲೆ ಬಗ್ಗಿಸಿತು. ಎತ್ತಿದರೆ ಕೋಲು ಬಾಗುತ್ತಿತ್ತೇ ಹೊರತು ತಳದಲ್ಲಿ ಜಿಗ್ ಅಲುಗುತ್ತಿರಲಿಲ್ಲ. ಮೂರು ಗಂಟೆ ಹೀಗೇ ಕಳೆದು, ಕೊನೆಗೊಮ್ಮೆ ಕೆಳಗೆ ಯಾರೋ ಕೈ ಹಿಡಿದು ಎಳೆದಂತಾಯಿತು. ಗಾಬರಿಯಲ್ಲಿ ರೀಲಿನ ಡ್ರ್ಯಾಗನ್ನು, ಅಂದರೆ ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ಬ್ರೇಕನ್ನು, ಪೂರ್ತಿ ಬಿಗಿ ಮಾಡಿದೆ. ಒಂದೇ ಕ್ಷಣ. ದಾರ ಟಣ್ಣೆಂದು ಹರಿದು ಗಾಳಿಯಲ್ಲಿ ತೇಲಿತು. ಬೋಟಿನ ಅಣ್ಣ ಚುಕ್ಕಾಣಿ ಬಿಡದೆ ಹೇಳಿದರು: “ಓಡೂದು ಓಡ್ಲಿ ಬಿಡಿ. ಸುಸ್ತಾದ್ಮೇಲೆ ಅದೇ ಬರ್ತದೆ.” ಅಟ್ಟದ ಕೆಳಗೆ ನಿಂತ ಮಾವನ ದನಿ ಅದರ ಹಿಂದೆಯೇ ಕೇಳಿಸಿತು.

ಬಿದಿರಿನ ಕೋಲಿಗೆ ರೀಲು ಇರಲಿಲ್ಲ. ಮೀನು ಎಳೆದಾಗ ಬಿಟ್ಟುಕೊಡಬೇಕಾದದ್ದನ್ನೆಲ್ಲ ಬಿದಿರಿನ ತುದಿ, ಹಿಡಿದವನ ತೋಳು ಸೇರಿ ಬಿಟ್ಟುಕೊಡುತ್ತಿದ್ದವು. ಕಡಲಿನಲ್ಲಿ ಆ ಕೆಲಸ ರೀಲಿನದು. ರೀಲೆಂದರೆ ಸುತ್ತಿಕೊಳ್ಳುವ ಯಂತ್ರ ಎಂದುಕೊಂಡಿದ್ದೆ, ಅದು ಅಳತೆಯಿಟ್ಟು ಬಿಡುವ ಯಂತ್ರ. ಇದು ತಿಳಿದ ಮೇಲೆ ಏನನ್ನು ಮೊದಲು ಬದಲಿಸಬೇಕೆಂಬ ಪ್ರಶ್ನೆಯೂ ಬಗೆಹರಿಯಿತು.

ಮೊದಲು ದಾರ. ಕೆರೆಯ ತಂಗೂಸಿ ದಾರ ಹದಿನೈದು ಮಾರು ಆಳದಲ್ಲಿ ರಬ್ಬರಿನಂತೆ ಹಿಗ್ಗಿ, ಕೈಯ ಚಲನೆಯನ್ನು ನಡುವೆಯೇ ನುಂಗಿಬಿಡುತ್ತದೆ. ಹೆಣೆದ ದಾರ ಹಿಗ್ಗುವುದಿಲ್ಲ. ಪಿಇ 2 ಎಂದು ಗುರುತಿಸುವ ದಾರದ ದಪ್ಪ ಕಾಲು ಮಿಲಿಮೀಟರಿಗೂ ಕಡಿಮೆ, ತಡೆಯುವ ಭಾರ ಹದಿನೈದು ಕಿಲೋದ ಆಸುಪಾಸು. ಅದು ಕಲ್ಲಿಗೆ ಉಜ್ಜಿದರೆ ಬಾಳದು, ಆದ್ದರಿಂದ ತುದಿಗೆ ಒಂದೆರಡು ಮಾರು ಫ್ಲೂರೋಕಾರ್ಬನ್ ದಾರ ಜೋಡಿಸಬೇಕು. ಎರಡನೆಯದು ರೀಲು, 5000 ಅಥವಾ 6000 ಅಳತೆಯದು. ಮಿನುಗುವ ಬಣ್ಣ, ಬೇರಿಂಗುಗಳ ಎಣಿಕೆ ನೋಡಿ ಮರುಳಾಗಬಾರದು. ಡ್ರ್ಯಾಗ್ ಎಷ್ಟು ಕಿಲೋ ಹಿಡಿಯುತ್ತದೆ ಎನ್ನುವುದಕ್ಕಿಂತ ಎಷ್ಟು ನಯವಾಗಿ ಬಿಡುತ್ತದೆ ಎನ್ನುವುದು ಮುಖ್ಯ. ನಾನು ಮನೆಯಲ್ಲಿ ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡುತ್ತೇನೆ. ಹದಿನೈದು ಕಿಲೋ ದಾರಕ್ಕೆ ನಾಲ್ಕೈದು ಕಿಲೋದಲ್ಲೇ ರೀಲು ಬಿಡತೊಡಗಬೇಕು, ಅದೂ ಜಗ್ಗಿ ಜಗ್ಗಿ ಅಲ್ಲ, ಬೆಣ್ಣೆಯಲ್ಲಿ ಎಳೆದಂತೆ. ದಾರದ ಶಕ್ತಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಿಗಿ ಮಾಡಿದವನು ಗಂಟಿಗೆ ದ್ರೋಹ ಮಾಡಿದಂತೆ.

ಕೋಲು ಕೊನೆಗೆ. ಎಲ್ಲರೂ ಮೊದಲು ಕೊಳ್ಳುವುದು ಕೋಲನ್ನೇ, ಕಣ್ಣಿಗೆ ಕಾಣುವುದು ಅದೇ ಅಲ್ಲವೇ. ಹಿಡಿಯ ಮೇಲೆ ಎಷ್ಟು ಗ್ರಾಂ ಜಿಗ್ಗಿಗೆಂದು ಬರೆದಿರುತ್ತದೆ. ನಮ್ಮ ಕರಾವಳಿಯ ಈ ಆಳಕ್ಕೆ 60ರಿಂದ 150 ಗ್ರಾಂ ಎಂದಿರುವ ಆರಡಿಯ ಕೋಲು ಸಾಕು. ಅಂಗಡಿಯಲ್ಲಿ ಗಾಳಿಯಲ್ಲಿ ಬೀಸಿ ನೋಡಿದರೆ ಏನೂ ತಿಳಿಯದು. ದಾರ ಪೋಣಿಸಿ, ತುದಿಗೆ ಎರಡು ಲೀಟರಿನ ನೀರಿನ ಬಾಟಲಿ ಕಟ್ಟಿ, ನಿಧಾನಕ್ಕೆ ನೆಲದಿಂದ ಎತ್ತಬೇಕು. ಬಾಗು ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ನಿಲ್ಲುತ್ತದೆ ನೋಡಬೇಕು. ದಾರ ಹಾಯುವ ಬಳೆಗಳ ಒಳಗೆ ಬೆರಳು ತಿರುಗಿಸಬೇಕು, ಕೂದಲೆಳೆಯ ಬಿರುಕಿದ್ದರೂ ಅದು ಹೆಣೆದ ದಾರವನ್ನು ಗರಗಸದಂತೆ ಕೊಯ್ಯುತ್ತದೆ. ಜಪಾನಿನ ನೊರಿಹಿರೊ ಸಾಟೊ ಬೆಳೆಸಿದ ಸ್ಲೋ ಪಿಚ್ ಎಂಬ ಪದ್ಧತಿಯಲ್ಲಂತೂ ಜಿಗ್ಗನ್ನು ಎತ್ತುವುದು ತೋಳಲ್ಲ, ಬಾಗಿದ ಕೋಲು ನೆಟ್ಟಗಾಗುವ ಬಲ. ಮಾವ ತುದಿಯನ್ನು ನೆಲಕ್ಕೊತ್ತಿ ನೋಡುತ್ತಿದ್ದದ್ದೂ ಇದನ್ನೇ.

ಈ ಸಲಕರಣೆ ಹಿಡಿದು ಹೋದಾಗ ಸಿಕ್ಕ ಮೊದಲ ಕೊಕ್ಕರ ಮೀನು ಐದು ಸಲ ತಳಕ್ಕೋಡಿತು. ಐದು ಸಲವೂ ರೀಲು ಗುಂಯ್‌ಗುಡುತ್ತ ದಾರ ಬಿಟ್ಟುಕೊಟ್ಟಿತು. ಆರನೆಯ ಸಲ ಬೆಳ್ಳಿಯ ಮೈ ದೋಣಿಯ ಪಕ್ಕಕ್ಕೆ ಬಂದು ಹೊರಳಿತು.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದು ಮೀನು ಮೊಟ್ಟೆಯಿಡುವ ಕಾಲ. ಅದೇ ಮಳೆಗೆ ಇಲ್ಲಿ ನಮ್ಮೂರ ಕಡೆ ಹತ್ತುಮೀನು ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹೊಳೆಯಿಂದ ಗದ್ದೆಯ ಕಾಲುವೆಗೆ ಏರುತ್ತದೆ. ಅದನ್ನು ಹಿಡಿಯುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು, ಉಳಿದವರೂ ಬಿಟ್ಟರೆ ನಮ್ಮ ಕೆರೆಗಳು ಬದುಕುತ್ತವೆ.

ಆ ಎರಡು ತಿಂಗಳು ನನ್ನ ಕೋಲು ಮಾವನ ಕೋಲಿನ ಹಾಗೆ ಅಡ್ಡ ಮಲಗಿರುತ್ತದೆ. ಕಡಲಿನಿಂದ ಬಂದ ದಿನವೇ ರೀಲಿನ ಡ್ರ್ಯಾಗ್ ಬಿಗಿ ಮಾಡಿ, ಒಳಗೆ ನೀರಿಳಿಯದಂತೆ, ಜಗಲಿಯಲ್ಲಿ ಚೆಂಬಿನಿಂದ ಮೆಲ್ಲಗೆ ಸಿಹಿನೀರು ಹೊಯ್ಯುತ್ತೇನೆ. ರಭಸದ ಪೈಪು ಉಪ್ಪನ್ನು ಒಳಕ್ಕೆ ನೂಕುತ್ತದೆ, ವಾರದಲ್ಲಿ ಲೋಹದ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಒರೆಸಿ, ನೆರಳಲ್ಲಿ ಆರಿಸಿ, ಎಣ್ಣೆ ಬಿಟ್ಟು, ದೀಪ ಆರಿಸುವ ಮೊದಲು ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡುತ್ತೇನೆ. ಬಿಗಿಯಾಗಿಯೇ ಇಟ್ಟರೆ ಒಳಗಿನ ವಾಷರುಗಳು ಒತ್ತಿಕೊಂಡು, ಬೇಕಾದಾಗ ಬಿಡುವುದನ್ನು ಮರೆಯುತ್ತವೆ.