ಒಂದು ತೊಟ್ಟು ಎಣ್ಣೆ

ಎತ್ತಿನ ಗಾಡಿಯ ಕೆಳಗೆ ತೂಗುತ್ತಿದ್ದ ಬಿದಿರಿನ ಗೊಟ್ಟವನ್ನು ಈಗಿನ ಮಕ್ಕಳು ಕಂಡಿರಲಾರರು. ಅದರಲ್ಲಿರುತ್ತಿದ್ದುದು ಕೀಲೆಣ್ಣೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿದ ಕಪ್ಪು ಲೇಪ. ದಾರಿಯಲ್ಲಿ ಗಾಲಿಯು ಕಿರುಗುಟ್ಟಿತೆಂದರೆ ಗಾಡಿಯವನು ಇಳಿದು ಅಚ್ಚಿಗೆ ಧಾರಾಳವಾಗಿ ಬಳಿಯುತ್ತಿದ್ದನು. ಜಿಪುಣತನಕ್ಕೆ ಅಲ್ಲಿ ಎಡೆಯಿರಲಿಲ್ಲ. ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಯಂತ್ರಶಾಸ್ತ್ರದ ಮೊದಲ ಪಾಠವನ್ನು ಬಾಲ್ಯದಲ್ಲಿ ಈ ಗೊಟ್ಟದಿಂದಲೇ ಕಲಿತರು: ಸದ್ದು ಬಂದರೆ ಎಣ್ಣೆ ಹಾಕು, ಸಾಲದಿದ್ದರೆ ಇನ್ನಷ್ಟು ಹಾಕು. ಹೊಲಿಗೆಯ ಯಂತ್ರ, ಬಾವಿಯ ರಾಟೆ, ಬಾಗಿಲ ತಿರುಗಣಿ, ಎಲ್ಲವೂ ಅರುವತ್ತು ವರ್ಷಗಳ ಕಾಲ ಈ ಸೂತ್ರಕ್ಕೆ ತಲೆಬಾಗಿದುವು. ಬಾಗದೆ ನಿಂತುದು ಮೊಮ್ಮಗನ ಆಟದ ಕಾರೊಂದೇ.

ಆಟದ ಕಾರೆಂದೊಡನೆ ವಾಚಕರು ದಾರ ಕಟ್ಟಿ ಎಳೆಯುವ ತಗಡಿನ ಬಂಡಿಯನ್ನು ನೆನೆಯಬಾರದು. ಇದು ಹುಡುಗನ ಕೈಯಲ್ಲಿರುವ ಪೆಟ್ಟಿಗೆಯಿಂದ ಹೊರಡುವ ರೇಡಿಯೋ ಅಲೆಗಳ ಅಪ್ಪಣೆಯಂತೆ ಓಡುವ, ತಿರುಗುವ, ನಿಲ್ಲುವ ವಾಹನ. ಜಪಾನಿನ ಷಿಜುವೊಕ ನಗರದ ತಮಿಯ ಸಂಸ್ಥೆಯು 1976ರಲ್ಲಿ ಪೋರ್ಷೆ 934 ಕಾರಿನ ಪ್ರತಿಕೃತಿಯನ್ನು ಹನ್ನೆರಡರಲ್ಲೊಂದು ಅಳತೆಯಲ್ಲಿ ಮಾಡಿ ಇಂತಹ ಕಾರುಗಳ ತಯಾರಿಕೆಗೆ ಇಳಿಯಿತು. ಈ ಜಾತಿಯ ಕಾರುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಮೋಟಾರಿನ ಮೈ ಸುಮಾರು 36 ಮಿಲಿಮೀಟರು ದಪ್ಪ. ಅದರ ದಂಡವು 3 ಮಿಲಿಮೀಟರಿಗೆ ತುಸು ಹೆಚ್ಚು. ಭಾರವಿಲ್ಲದಾಗ ನಿಮಿಷಕ್ಕೆ 15,000 ಸುತ್ತು ತಿರುಗುವುದು ಅದಕ್ಕೆ ಆಯಾಸದ ಕೆಲಸವಲ್ಲ.

ಈ ಸಣ್ಣ ದಂಡವನ್ನು ಎರಡು ತುದಿಗಳಲ್ಲಿಯೂ ಹಿಡಿದಿರುವುದೇ ಬೇರಿಂಗು. ಅಗ್ಗದ ಮೋಟಾರುಗಳಲ್ಲಿ ಅದು ಗುಂಡುಗಳಿಲ್ಲದ ಬರಿಯ ಕಂಚಿನ ಬಳೆ. ಕಂಚಿನ ಪುಡಿಯನ್ನು ಒತ್ತಿ ಕಾಸಿ ಮಾಡಿದುದಾದುದರಿಂದ ಅದರ ಮೈಯೆಲ್ಲ ಸೂಕ್ಷ್ಮ ರಂಧ್ರ. ರಂಧ್ರಗಳ ತುಂಬ ಎಣ್ಣೆ. ಓಡಿ ಬಿಸಿಯಾದಾಗ ಎಣ್ಣೆ ಹೊರಗೆ ಜಿನುಗುವುದು, ತಣಿದಾಗ ಮರಳಿ ಒಳಸೇರುವುದು. ಬುತ್ತಿಯನ್ನು ಕಟ್ಟಿಕೊಂಡೇ ಬಂದ ಅತಿಥಿಗೆ ಉಪಚಾರವೆಷ್ಟು ಬೇಕು? ಯಾವಾಗಲಾದರೊಮ್ಮೆ ಹೊರಗಿನಿಂದ ಒಂದು ತೊಟ್ಟು.

ಕಾರನ್ನು ಕಳುಹಿಸಿದ್ದವನು ದೂರದೇಶದಲ್ಲಿರುವ ಹುಡುಗನ ತಂದೆ. ಒಂದು ಸಂಜೆ ಅದು ಚೀರತೊಡಗಿತು.

"ಇತ್ತ ತಾ ಮರಿ. ಅದಕ್ಕೆ ಹಸಿವು, ಕೂಗುತ್ತೆ, ಅಷ್ಟೆ" ಎಂದು ತಾತನವರು ಹೊಲಿಗೆಯ ಯಂತ್ರದ ಎಣ್ಣೆಯ ಡಬ್ಬಿಯನ್ನು ತಂದು, ಮೋಟಾರಿನ ಮೈಯಲ್ಲಿದ್ದ ಗಾಳಿಯ ಕಿಂಡಿಗಳಲ್ಲಿ ಮನಸಾರೆ ಸುರಿದರು. ಚೀರಾಟ ನಿಂತಿತು. ತಾತನವರ ಮುಖದಲ್ಲಿ ಮೂಡಿದ ತೃಪ್ತಿಯು ಮೂರು ದಿನ ಉಳಿಯಿತು. ಮೂರನೆಯ ದಿನ ಕಿಡಿ ಹಾರಿ, ಸುಟ್ಟ ನಾತ ಬಂದು, ಕಾರು ಅಂಗಳದ ನಡುವೆ ನಿಂತುಹೋಯಿತು.

ಮೋಟಾರಿನೊಳಗೆ ಕಾರ್ಬನ್ ಬ್ರಷ್ಷುಗಳು ತಾಮ್ರದ ಕಮ್ಯುಟೇಟರನ್ನು ಉಜ್ಜುತ್ತ ವಿದ್ಯುತ್ತನ್ನು ಒಳಗೆ ಸಾಗಿಸುತ್ತವೆ. ಆ ಸ್ಥಳವು ಒಣಗಿರಬೇಕು. ಎಣ್ಣೆಯು ಕಾರ್ಬನ್ನಿನ ಧೂಳಿನೊಡನೆ ಕಲಸಿ, ಕೆಸರಾಗಿ, ತಾಮ್ರದ ಪಟ್ಟಿಗಳ ನಡುವಣ ಸಂದುಗಳಲ್ಲಿ ತುಂಬಿಕೊಂಡಿತು. ಗಾಡಿಯ ಅಚ್ಚಿಗೆ ಎಣ್ಣೆಯೂ ಕರಿಯೂ ಸೇರಿದರೆ ಗುಣ. ಇಲ್ಲಿ ಅವೆರಡೇ ಸೇರಿ ವಿಷವಾದುವು. ಮೋಟಾರಿನ ತಗಡನ್ನು ಮಡಿಸಿ ಬಿಗಿದಿದ್ದುದರಿಂದ ಬಿಚ್ಚಿ ತೊಳೆಯುವ ದಾರಿಯೂ ಇರಲಿಲ್ಲ.

ಹುಡುಗನು ಅಳಲಿಲ್ಲ, ಕೋಪಿಸಿಕೊಳ್ಳಲಿಲ್ಲ. ಕಾರನ್ನು ಒರಸಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೀರುವಿನ ಮೇಲಕ್ಕೆ ಏರಿಸಿದನು. ಬೈದಿದ್ದರೆ ತಾತನವರಿಗೆ ಹಗುರವಾಗುತ್ತಿತ್ತು. ನಾಲ್ಕು ದಿನ ಊಟದ ಹೊತ್ತಿನಲ್ಲಿಯೂ ಇಬ್ಬರಿಗೂ ಮಾತಿಲ್ಲ. ಐದನೆಯ ದಿನ, ಮೂವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಶಾಯಿ ಹಚ್ಚಿದವರು ಮೊಮ್ಮಗನ ಮೇಜಿನ ಮುಂದೆ ಕುಳಿತು, "ನಾನು ಮಾಡಿದ್ದರಲ್ಲಿ ತಪ್ಪೇನು, ಹೇಳಿಕೊಡಪ್ಪ" ಎಂದರು.

ಬ್ರಷ್ಷೇ ಇಲ್ಲದ ಹೊಸ ಮೋಟಾರೂ ಅದಕ್ಕೊಪ್ಪುವ ವೇಗನಿಯಂತ್ರಕವೂ ಬಂದುವು. ವೆಚ್ಚವು ಪಿಂಚಣಿಯಿಂದ ಹೋಯಿತು. ಇದರ ಎರಡು ತುದಿಗಳಲ್ಲಿಯೂ ಗುಂಡುಗಳ ಬೇರಿಂಗು. ಧೂಳಿನಲ್ಲಿ ಓಡಿಸಿದ ಮೇಲೆ ದಂಡವನ್ನು ಬೆರಳಿನಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಮರಳಿನ ಕಣ ಸಿಕ್ಕಿದಂತೆ ತರಿತರಿಯಾದರೆ ಬಿಚ್ಚಿ, ರಬ್ಬರಿನ ಮುಚ್ಚಳವನ್ನು ಸೂಜಿಯ ಮೊನೆಯಿಂದ ಎಬ್ಬಿಸಿ, ಬೇಗ ಆವಿಯಾಗುವ ದ್ರಾವಕದಲ್ಲಿ ತೊಳೆದು, ಚೆನ್ನಾಗಿ ಆರಿಸಿ, ತೆಳುವಾದ ಎಣ್ಣೆಯ ಒಂದೇ ತೊಟ್ಟನ್ನು ಬಿಡಬೇಕು. ಎರಡನೆಯ ತೊಟ್ಟು ಧೂಳಿಗೆ ಆಮಂತ್ರಣ. ದಂಡವು ಅಡ್ಡಡ್ಡಲಾಗಿ ಅಲುಗಿದರೆ ತೊಳೆದು ಫಲವಿಲ್ಲ, ಬೇರಿಂಗನ್ನೇ ಬದಲಿಸಬೇಕು. ಒಳಗೆ ತಿರುಗುವ ಅಯಸ್ಕಾಂತಕ್ಕೂ ಸುತ್ತಲ ಗೋಡೆಗೂ ಇರುವ ಎಡೆ ಬಲು ಕಿರಿದು. ಬೇರಿಂಗು ಸಡಿಲವಾದರೆ ಅವೆರಡೂ ಉಜ್ಜಿಕೊಳ್ಳುತ್ತವೆ. ದಂಡದ ತುದಿಯ ಹಲ್ಲುಚಕ್ರವನ್ನು ದೊಡ್ಡ ಚಕ್ರಕ್ಕೆ ಬಿಗಿಯಾಗಿ ಒತ್ತಿ ಕೂರಿಸಿದರೂ ಮುಂದಿನ ಬೇರಿಂಗಿಗೆ ಕೇಡು. ಹಲ್ಲುಗಳ ನಡುವೆ ಕಾಗದದ ಚೂರೊಂದನ್ನಿಟ್ಟು ಜೋಡಿಸಿ, ಬಳಿಕ ಅದನ್ನು ತೆಗೆದರೆ ಸಡಿಲವು ಸರಿಹೋಗುತ್ತದೆ. ಹಳೆಯ ಉತ್ತರಪತ್ರಿಕೆಗಳು ಆ ಮನೆಯಲ್ಲಿ ಬೇಕಾದಷ್ಟಿದ್ದುವು.

ಇಷ್ಟರ ನಡುವೆ ಹುಡುಗನು, "ತಾತ, ಎಂಜಿನ್ ಇರೋ ಆಟದ ಕಾರಿಗೆ ಹರಳೆಣ್ಣೇನೂ ಹಾಕ್ತಾರೆ" ಎಂದುಬಿಟ್ಟನು. ಮಾತು ನಿಜ. ಮೆಥನಾಲು ಮತ್ತು ನೈಟ್ರೊಮಿಥೇನುಗಳಿಂದ ಓಡುವ ಆ ಪುಟ್ಟ ಎಂಜಿನ್ನುಗಳಲ್ಲಿ ಇಂಧನದೊಡನೆಯೇ ಎಣ್ಣೆಯನ್ನು ಬೆರೆಸುತ್ತಾರೆ. ಬಹಳ ಕಾಯುವ ಎಡೆಯಲ್ಲಿ ಹರಳೆಣ್ಣೆಯ ಗುಣ ದೊಡ್ಡದು. ತಾತನವರು ಕನ್ನಡಕವನ್ನು ತೆಗೆದು ಒರಸಿಕೊಂಡರು. "ಹಾಗಾದರೆ ನಮ್ಮಪ್ಪ ದಡ್ಡನಲ್ಲ" ಎಂದರು.

ಈಗ ಕೆಲಸವು ಹಂಚಿಹೋಗಿದೆ. ತಾತನವರ ಕೈ ನಡುಗುವುದರಿಂದ ಸೂಜಿಯಿಂದ ತೊಟ್ಟನ್ನು ಬಿಡುವುದು ಹುಡುಗನ ಪಾಲು. ಆಲಿಸುವುದು ಅವರ ಪಾಲು. ಕಿವಿಯೂ ತುಸು ಮಂದವೇ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ಮೋಟಾರಿನ ಮೈಗೆ ತಾಗಿಸಿ, ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಅವರು ತಲೆಯಾಡಿಸಿದ ಮೇಲೆಯೇ ಕಾರು ಅಂಗಳಕ್ಕೆ ಇಳಿಯುವುದು.